ಗಾಡಿಯಲ್ಲಿ ಊರೂರು ಸುತ್ತುವವರಿಗೆ ಪುಟ್ಟ ಪ್ರಿಂಟರ್: ಕೊಳ್ಳುವ ಮುಂಚೆ ನೋಡಬೇಕಾದ್ದು

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ಹಿಂದಿನ ದಿನ. ಗಾಡಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಗಳು ಸಾಲಾಗಿ ಕೂತಿದ್ದವು. ಲೇಬಲ್ ಮಾತ್ರ ಇರಲಿಲ್ಲ. ಪೆನ್‌ಡ್ರೈವ್ ಹಿಡಿದುಕೊಂಡು ಜೆರಾಕ್ಸ್ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ಮೊಬೈಲಿನಿಂದ ತಲೆ ಎತ್ತದೆ, "ಅಕ್ಕಾ, ಕರೆಂಟಿಲ್ಲ, ಸಂಜೆ ಬನ್ನಿ" ಅಂದ. ಸಂಜೆ ಹೋದಾಗ ಕರೆಂಟಿತ್ತು, ಹುಡುಗ ಇರಲಿಲ್ಲ. ರಾತ್ರಿ ಹನ್ನೊಂದರವರೆಗೆ ನಾನು, ನಮ್ಮನೆಯವರು ಸ್ಕೆಚ್ ಪೆನ್ನಲ್ಲಿ ಲೇಬಲ್ ಬರೆದೆವು. ಅವರ ಕೈಬರಹ ಡಾಕ್ಟರ್ ಚೀಟಿ ಇದ್ದಂಗೆ. ಮರುದಿನ ಒಬ್ಬ ಅಜ್ಜಿ ಬಾಟಲಿ ತಿರುಗಿಸಿ ನೋಡಿ, "ಇದು ಎಂತ ಔಷಧಿಯಾ?" ಅಂತ ಕೇಳಿದರು.

ಗಾಡಿಗೊಂದು ಪ್ರಿಂಟರ್ ಬೇಕು ಅನ್ನಿಸಿದ್ದು ಆ ದಿನ. ನಮ್ಮದು ಹಳೆಯ ಟಿಟಿ (ಟೆಂಪೊ ಟ್ರಾವೆಲರ್). ಹಿಂದಿನ ಸೀಟು ತೆಗೆಸಿ, ಆರ್‌ಟಿಒ ಒಪ್ಪಿಗೆ ಪಡೆದು, ಮಂಚ, ಒಲೆ, ಸಿಂಕು, ಮಡಚುವ ಮೇಜು ಹಾಕಿಸಿಕೊಂಡಿದ್ದೇವೆ. ಶಿವಮೊಗ್ಗದ ಮನೆಯಿಂದ ಹೊರಟರೆ ಸಾಗರ, ಹೊಸನಗರ, ಕೊಪ್ಪ, ಶೃಂಗೇರಿ ಅಂತ ಹತ್ತು ಹದಿನೈದು ದಿನ ಗಾಡಿಯಲ್ಲೇ ವಾಸ. ಇಲ್ಲಿವರೆಗೆ ಈ ಗಾಡಿಯಲ್ಲಿ ನಾಲ್ಕು ಪ್ರಿಂಟರ್ ಓಡಾಡಿವೆ. ಎರಡು ವಾಪಸ್ ಮನೆ ಸೇರಿವೆ. ಮುಂದೆ ಬರೆದಿರುವುದೆಲ್ಲ ಆ ಎರಡು ತಪ್ಪಿನಿಂದ ಕಲಿತದ್ದು.

ಮೊದಲು ಒಂದು ತಿಂಗಳು ಬರೆದಿಡಿ

ಯಾವ ಪ್ರಿಂಟರ್ ಅಂತ ಕೇಳುವ ಮುಂಚೆ ನಿಮಗೆ ಪ್ರಿಂಟರ್ ಬೇಕಾ ಅಂತ ನೋಡಿ. ಒಂದು ತಿಂಗಳು ಗಾಡಿಯಲ್ಲಿ ಒಂದು ಚೀಟಿ ಅಂಟಿಸಿಕೊಳ್ಳಿ. ಪ್ರಿಂಟ್ ಬೇಕು ಅನ್ನಿಸಿದಾಗಲೆಲ್ಲ ಅದರಲ್ಲಿ ಬರೆಯಿರಿ: ಏನು, ಎಷ್ಟು ಹಾಳೆ, ಕಪ್ಪು-ಬಿಳಿಯಾ ಬಣ್ಣವಾ, ಆಗಲೇ ಬೇಕಿತ್ತಾ ಅಥವಾ ಮರುದಿನ ಆದರೂ ನಡೀತಿತ್ತಾ.

ಸುಮ್ನೆ ಪ್ರವಾಸಕ್ಕೆ ಹೋಗುವವರ ಚೀಟಿ ಹೆಚ್ಚುಕಡಿಮೆ ಖಾಲಿಯೇ ಇರುತ್ತದೆ. ಡ್ರೈವಿಂಗ್ ಲೈಸೆನ್ಸ್, ಆರ್‌ಸಿ ಎಲ್ಲ ಡಿಜಿಲಾಕರ್‌ನಲ್ಲೋ ಎಂಪರಿವಾಹನ್‌ನಲ್ಲೋ ತೋರಿಸಿದರೆ ಸಾಕು. ಟಿಕೆಟ್ಟು ಮೊಬೈಲಲ್ಲೇ ಇರುತ್ತದೆ. ತಾಲ್ಲೂಕು ಕೇಂದ್ರ ಅಂದಮೇಲೆ ಬಸ್‌ಸ್ಟ್ಯಾಂಡ್ ಹತ್ತಿರ, ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇದ್ದೇ ಇರುತ್ತದೆ. ಪ್ರಿಂಟರಿಗೆ ಇಪ್ಪತ್ತು ಸಾವಿರ ಹಾಕುತ್ತೀರಿ ಅಂದುಕೊಳ್ಳಿ. ಅಂಗಡಿಯಲ್ಲಿ ಒಂದು ಹಾಳೆಗೆ ಹತ್ತು ರೂಪಾಯಿ ಅಂದರೂ ಆ ದುಡ್ಡಿಗೆ ಎರಡು ಸಾವಿರ ಹಾಳೆ ಬರುತ್ತದೆ. ಅಷ್ಟು ಯಾರು ತೆಗೀತಾರೆ ಮಾರಾಯ್ರೆ?

ಚೀಟಿ ತುಂಬುವುದು ಗಾಡಿಯಲ್ಲೇ ಕೆಲಸ ಇಟ್ಟುಕೊಂಡವರದ್ದು. ನಮ್ಮ ಹಾಗೆ ಜಾತ್ರೆ, ಸಂತೆಯಲ್ಲಿ ಮಾರುವವರು. ತೋಟ ಸುತ್ತಿ ಸಲಹೆ ಬರೆದುಕೊಡುವವರು. ಪಾರ್ಟಿಗೆ ಸಹಿ ಹಾಕಿದ ಕಾಗದವನ್ನೇ ಕೊಡಬೇಕಾದ ಗುತ್ತಿಗೆಯವರು. ಫೋಟೊ ತೆಗೆದು ಅಲ್ಲೇ ಕೈಗೆ ಕೊಡುವವರು. ಇವರಿಗಾದರೆ ಮುಂದೆ ಓದುವುದರಲ್ಲಿ ಅರ್ಥವಿದೆ.

ಒಂದು ಕಿವಿಮಾತು ಈಗಲೇ ಹೇಳಿಬಿಡುತ್ತೇನೆ. ಇದು ನನಗೆ ಎರಡನೇ ಪ್ರಿಂಟರ್ ಕೊಂಡ ಮೇಲೆ ಹೊಳೆದದ್ದು. ಒಂದೇ ಥರದ ಕೆಲಸ ನೂರಾರು ಇದ್ದರೆ ಅದನ್ನು ಗಾಡಿಯಲ್ಲಿ ಮಾಡಬೇಡಿ. ನಮ್ಮ ಬಣ್ಣದ ಲೇಬಲ್ಲುಗಳನ್ನು ಈಗ ಶಿವಮೊಗ್ಗದ ಪ್ರೆಸ್ಸಿನಲ್ಲಿ ಒಟ್ಟಿಗೆ ಮಾಡಿಸುತ್ತೇವೆ. ಹೆಸರು, ಹಾಕಿದ ಸಾಮಾನು, ತೂಕ, ಹಸಿರು ಚುಕ್ಕೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಪರವಾನಗಿ) ನಂಬರ್ ಎಲ್ಲ ಅದರಲ್ಲೇ ಬಂದಿರುತ್ತದೆ. ಬ್ಯಾಚ್ ನಂಬರ್, ತಯಾರಿಸಿದ ದಿನ, ಬೆಲೆ, ಎಷ್ಟರೊಳಗೆ ಬಳಸಬೇಕು ಅನ್ನುವ ಜಾಗ ಮಾತ್ರ ಖಾಲಿ. ಅಷ್ಟನ್ನು ಗಾಡಿಯ ಪ್ರಿಂಟರ್ ತುಂಬುತ್ತದೆ. ಇದರಿಂದ ಬಣ್ಣದ ಪ್ರಿಂಟರಿನ ಆಸೆಯೇ ಅರ್ಧ ಕಡಿಮೆಯಾಯಿತು.

ಸುಮ್ನೆ ಕೂತಾಗ ಏನಾಗುತ್ತದೆ ಅಂತ ಕೇಳಿ

ಅಂಗಡಿಗೆ ಹೋದವರೆಲ್ಲ ಕೇಳುವುದು ನಿಮಿಷಕ್ಕೆ ಎಷ್ಟು ಪುಟ ಅಂತ. ಗಾಡಿಯಲ್ಲಿ ಆ ಲೆಕ್ಕಕ್ಕೆ ಬೆಲೆಯೇ ಇಲ್ಲ. ನಮ್ಮ ಪ್ರಿಂಟರ್ ವಾರಕ್ಕೆ ಹೆಚ್ಚೆಂದರೆ ಹತ್ತು ನಿಮಿಷ ದುಡಿಯುತ್ತದೆ. ಉಳಿದ ಹೊತ್ತೆಲ್ಲ ಪೆಟ್ಟಿಗೆಯೊಳಗೆ ಕುಲುಕಾಡುತ್ತಾ, ಸೆಖೆ, ಥಂಡಿ ಎರಡನ್ನೂ ತಡೆದುಕೊಳ್ಳುತ್ತಾ ಕೂತಿರುತ್ತದೆ. ಹಾಗಾಗಿ ಎಷ್ಟು ಬೇಗ ಮಾಡುತ್ತದೆ ಅನ್ನುವುದಕ್ಕಿಂತ ಹದಿನೈದು ದಿನ ಮುಟ್ಟದೆ ಬಿಟ್ಟರೆ ಏನಾಗುತ್ತದೆ ಅನ್ನುವುದು ಮುಖ್ಯ. ಒಂದೊಂದು ಬಗೆಯ ಪ್ರಿಂಟರ್ ಒಂದೊಂದು ಥರ ಕೆಡುತ್ತದೆ.

ಇಂಕ್‌ಜೆಟ್ ಒಣಗುತ್ತದೆ. ಇಂಕು ಚಿಮ್ಮುವ ರಂಧ್ರಗಳು ಕೂದಲಿಗಿಂತ ಸಣ್ಣ. ಬಳಸದೆ ಬಿಟ್ಟರೆ ಇಂಕು ಅಲ್ಲೇ ಗಟ್ಟಿಯಾಗಿ ಅಕ್ಷರದ ನಡುವೆ ಬಿಳಿ ಗೆರೆ ಬೀಳುತ್ತದೆ. ಕ್ಲೀನಿಂಗ್ ಕೊಟ್ಟರೆ ಸರಿಹೋಗುತ್ತದೆ, ಆದರೆ ಪ್ರತಿ ಕ್ಲೀನಿಂಗೂ ಇಂಕು ಕುಡಿಯುತ್ತದೆ. ಪುಟ್ಟ ಪ್ರಿಂಟರಿನ ಕಾರ್ಟ್ರಿಜ್ ಮೊದಲೇ ಪುಟ್ಟದು. ವಾರಕ್ಕೊಂದು ಸಲ ನಾಲ್ಕೂ ಬಣ್ಣ ಇರುವ ಒಂದು ಸಣ್ಣ ಪಟ್ಟಿಯನ್ನಾದರೂ ಪ್ರಿಂಟ್ ತೆಗೆಯುವುದೇ ಇದಕ್ಕೆ ಔಷಧಿ. ನಾವು ಭಾನುವಾರದ ಸಾಮಾನಿನ ಪಟ್ಟಿಯನ್ನು ಬಣ್ಣದಲ್ಲಿ ತೆಗೆಯುತ್ತೇವೆ. ಮೆಣಸಿನಕಾಯಿ ಕೆಂಪು, ಅರಿಶಿನ ಹಳದಿ. ಮೊದಮೊದಲು ನಮ್ಮನೆಯವರು ನಗುತ್ತಿದ್ದರು.

ಗಾಡಿಯವರೆಲ್ಲ ಮಾಡುವ ಒಂದು ತಪ್ಪಿದೆ. ಮಲಗುವ ಮುಂಚೆ ಇನ್ವರ್ಟರ್ ಸ್ವಿಚ್ ಟಪ್ ಅಂತ ಆರಿಸಿಬಿಡುತ್ತೇವೆ. ಇಂಕ್‌ಜೆಟ್‌ಗೆ ಇದು ಆಗಿಬರುವುದಿಲ್ಲ. ಪ್ರಿಂಟರಿನದ್ದೇ ಬಟನ್ ಒತ್ತಿ ಆಫ್ ಮಾಡಿದರೆ ಇಂಕು ಚಿಮ್ಮುವ ಹೆಡ್ಡು ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಪ್ರಿಂಟ್ ಮಾಡುತ್ತಿರುವಾಗಲೋ ಆಗಷ್ಟೇ ಮುಗಿಸಿದಾಗಲೋ ಕರೆಂಟ್ ಕಿತ್ತರೆ ಹೆಡ್ಡು ನಡುದಾರಿಯಲ್ಲೇ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ನಮ್ಮ ಮೊದಲ ಪ್ರಿಂಟರ್ ಹಾಳಾಗಿದ್ದು ಅರ್ಧ ಹೀಗೆ. ಇನ್ನರ್ಧ ಕಥೆ ಘಾಟಿಯದ್ದು, ಆಮೇಲೆ ಹೇಳುತ್ತೇನೆ.

ಲೇಸರ್ ಒಣಗುವುದಿಲ್ಲ. ಟೋನರ್ ಅನ್ನುವುದು ಪುಡಿ. ಆರು ತಿಂಗಳು ಬಿಟ್ಟರೂ ಮೊದಲ ಹಾಳೆಯೇ ಚೆನ್ನಾಗಿ ಬರುತ್ತದೆ, ಅಕ್ಷರ ನೀರಿಗೆ ಹರಡುವುದೂ ಇಲ್ಲ. ಆದರೆ ತೂಕ ಜಾಸ್ತಿ, ಕರೆಂಟಿನ ಹಸಿವು ಇನ್ನೂ ಜಾಸ್ತಿ.

ಥರ್ಮಲ್‌ಗೆ ಇಂಕೂ ಇಲ್ಲ, ಪುಡಿಯೂ ಇಲ್ಲ. ಬಿಸಿ ತಾಗಿದ ಕಡೆ ಕಾಗದವೇ ಕಪ್ಪಾಗುತ್ತದೆ. ಬಸ್ ಟಿಕೆಟ್ ಮೆಷಿನ್ನು, ಅಂಗಡಿ ಬಿಲ್ಲು ಎಲ್ಲ ಇದೇ. ಕೂತಲ್ಲಿ ಕೆಡುವ ಸಾಮಾನೇ ಇದರಲ್ಲಿಲ್ಲ. ಕೆಡುವುದು ಹಾಳೆ. ಬಿಸಿಲಿಗೆ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಬಿಲ್ಲು ಪೂರ್ತಿ ಕಪ್ಪಾಗುತ್ತದೆ, ವರ್ಷ ಕಳೆದರೆ ಬಿಳಿಯಾಗುತ್ತದೆ. ಎಣ್ಣೆ ತಾಗಿದರಂತೂ ಮುಗಿಯಿತು. ಇದು ನನಗೆ ಗೊತ್ತಿರಲಿಲ್ಲ. ಥರ್ಮಲ್ ಸ್ಟಿಕ್ಕರ್ ರೋಲ್ ತಂದು ಖುಷಿಯಿಂದ ಬಾಟಲಿಗಳಿಗೆಲ್ಲ ಅಂಟಿಸಿದ್ದೆ. ಉಪ್ಪಿನಕಾಯಿ ಬಾಟಲಿ ಅಂದಮೇಲೆ ಮುಚ್ಚಳದ ಸಂದಿಯಲ್ಲಿ ಒಂದು ತೊಟ್ಟು ಎಣ್ಣೆ ಇಳಿದೇ ಇಳಿಯುತ್ತದೆ. ನಾಲ್ಕು ದಿನಕ್ಕೆ ನೋಡಿದರೆ ಎಣ್ಣೆ ಇಳಿದ ದಾರಿಯಲ್ಲೆಲ್ಲ ಅಕ್ಷರ ಮಾಯ. "ಅಪ್ಪೆಮಿಡಿ" ಅನ್ನುವುದರಲ್ಲಿ "ಮಿಡಿ" ಒಂದೇ ಉಳಿದಿತ್ತು.

ಹಾಗಾದರೆ ಯಾವುದು?

ನಿಮ್ಮ ಚೀಟಿ ತೆಗೆದು ಎದುರಿಗಿಟ್ಟುಕೊಳ್ಳಿ.

ಬರೀ ಬಿಲ್ಲು, ರಸೀದಿ ಬೇಕಿದ್ದರೆ ಅಂಗೈಯಲ್ಲಿ ಹಿಡಿಯುವ 58 ಮಿಲಿಮೀಟರ್ ಬ್ಲೂಟೂತ್ ಥರ್ಮಲ್ ಪ್ರಿಂಟರ್ ಸಾಕು. ಮೊಬೈಲ್ ಚಾರ್ಜರಿನಲ್ಲೇ ಚಾರ್ಜ್ ಆಗುತ್ತದೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ.

ಎ4 ಹಾಳೆ ಬೇಕು, ಕಪ್ಪು-ಬಿಳಿ ಸಾಕು, ಕೊಟ್ಟ ಕಾಗದ ಬಹಳ ದಿನ ಇಟ್ಟುಕೊಳ್ಳುವಂಥದ್ದಲ್ಲ ಅಂದರೆ ಎ4 ಥರ್ಮಲ್ ನೋಡಬಹುದು. ಬ್ರದರ್ ಪಾಕೆಟ್‌ಜೆಟ್ ಸಾಲಿನವು ಅರ್ಧ ಕೆಜಿ ಆಸುಪಾಸು, ಲಟ್ಟಣಿಗೆಯ ಹಾಗೆ ಉದ್ದಕ್ಕಿರುತ್ತವೆ. ಕಡಿಮೆ ಬೆಲೆಯ ಬೇರೆ ಬ್ರಾಂಡುಗಳೂ ಆನ್‌ಲೈನಿನಲ್ಲಿವೆ. ಮುಖ್ಯ ತೊಂದರೆ ಹಾಳೆಯದ್ದು. ಎ4 ಥರ್ಮಲ್ ಹಾಳೆ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಹೊರಡುವಾಗಲೇ ಒಯ್ಯಬೇಕು. ಕಚೇರಿಗೆ ಕೊಡುವ ಅರ್ಜಿ, ಫೈಲಿನಲ್ಲಿ ಕೂರುವ ಕಾಗದ ಇದರಲ್ಲಿ ಬೇಡ.

ಎಲ್ಲದಕ್ಕೂ ಆಗಿಬರಬೇಕು ಅನ್ನುವವರಿಗೆ ಉಳಿಯುವುದು ಬ್ಯಾಟರಿ ಹಾಕುವ ಪುಟ್ಟ ಇಂಕ್‌ಜೆಟ್. ಎಚ್‌ಪಿ ಆಫೀಸ್‌ಜೆಟ್ 200, ಕ್ಯಾನನ್ ಪಿಕ್ಸ್ಮಾ ಟಿಆರ್150, ಎಪ್ಸನ್ ವರ್ಕ್‌ಫೋರ್ಸ್ ಡಬ್ಲ್ಯುಎಫ್-100 ಈ ಜಾತಿಯವು. ಮೊದಲ ಎರಡು ಎರಡು ಕೆಜಿಗಿಂತ ಚೂರು ಜಾಸ್ತಿ, ಎಪ್ಸನ್ನಿನದ್ದು 1.6 ಕೆಜಿ. ಎಪ್ಸನ್‌ನಲ್ಲಿ ಬ್ಯಾಟರಿ ಒಳಗೇ ಇರುತ್ತದೆ, ಒಂದು ಚಾರ್ಜಿಗೆ ಕಪ್ಪು-ಬಿಳಿ 100 ಪುಟ, ಬಣ್ಣದ್ದು 50 ಪುಟ ಅನ್ನುವುದು ಕಂಪನಿ ಲೆಕ್ಕ. ಕ್ಯಾನನ್‌ಗೆ ಬ್ಯಾಟರಿ ಬೇರೆ ಕೊಳ್ಳಬೇಕು. ಬೆಲೆ ಕೇಳುವಾಗ ಬ್ಯಾಟರಿ ಸೇರಿಸಿ ಕೇಳಿ, ಇಲ್ಲದಿದ್ದರೆ ಬಿಲ್ ಮಾಡುವಾಗ ಬೇಜಾರಾಗುತ್ತದೆ. ಇವು ಯಾವುವೂ ಅಗ್ಗವಲ್ಲ. ಇಂಕಿನ ಖರ್ಚೂ ಮನೆಯ ಪ್ರಿಂಟರಿಗಿಂತ ಜಾಸ್ತಿ. ಕಾರ್ಟ್ರಿಜ್ ಡಬ್ಬಿ ಮೇಲೆ ಬರೆದ ಪುಟಗಳ ಸಂಖ್ಯೆ ಹಾಳೆಯ ಸ್ವಲ್ಪ ಜಾಗ ಮಾತ್ರ ಇಂಕಿನಿಂದ ತುಂಬುವ ಲೆಕ್ಕ. ಫೋಟೊ ಇರುವ ಹಾಳೆ ತೆಗೆದರೆ ಆ ಲೆಕ್ಕ ನೆಲಕಚ್ಚುತ್ತದೆ.

ಇಂಕು ಯಾವ ಬಗೆ ಅಂತಲೂ ಕೇಳಿ. ಪಿಗ್ಮೆಂಟ್ ಇಂಕು ನೀರು ಬಿದ್ದರೂ ಅಷ್ಟಾಗಿ ಹರಡುವುದಿಲ್ಲ, ಡೈ ಇಂಕು ಒಂದು ಹನಿಗೇ ಕಲಸಿಹೋಗುತ್ತದೆ. ಕಪ್ಪು ಇಂಕಾದರೂ ಪಿಗ್ಮೆಂಟ್ ಇರಲಿ. ಮಲೆನಾಡಿನಲ್ಲಿ ಕಾಗದದ ಮೇಲೆ ಹನಿ ಬೀಳದ ದಿನ ಯಾವುದಿದೆ ಹೇಳಿ?

ಫೋಟೊ ಮಾತ್ರ ಬೇಕಿದ್ದರೆ ಕ್ಯಾನನ್ ಸೆಲ್ಫಿ (Selphy) ಅನ್ನುವ ಫೋಟೊ ಪ್ರಿಂಟರಿನಂಥದ್ದು ಇದೆ. ಇದರಲ್ಲಿ ಇಂಕಿನ ಬದಲು ರಿಬ್ಬನ್. ಹಳದಿ, ಕೆಂಪು, ನೀಲಿ, ಕೊನೆಗೊಂದು ಪಾರದರ್ಶಕ ಪದರ ಅಂತ ಒಂದೇ ಹಾಳೆ ನಾಲ್ಕು ಸಲ ಒಳಗೆ ಹೊರಗೆ ಓಡಾಡುತ್ತದೆ. ಒಣಗುವ ಕಾಟವಿಲ್ಲ, ಫೋಟೊ ಮೇಲೆ ನೀರು ಬಿದ್ದರೂ ಒರೆಸಬಹುದು. ಇದರ ಶತ್ರು ಧೂಳು. ಬೇಸಿಗೆಯ ಮಣ್ಣು ರಸ್ತೆಯ ಕೆಂಪು ಧೂಳು ಹೊರಗೆ ಬಂದ ಹಾಳೆ ಮೇಲೆ ಕೂತು ಒಳಗೆ ಹೋದರೆ ಫೋಟೊ ಮೇಲೆ ಚುಕ್ಕೆ ಗ್ಯಾರಂಟಿ. ಗಾಡಿ ಬಾಗಿಲು ಹಾಕಿಕೊಂಡೇ ಪ್ರಿಂಟ್ ತೆಗೆಯಿರಿ.

ಲೇಸರನ್ನು ನಾನು ಗಾಡಿಗೆ ಹೇಳುವುದಿಲ್ಲ. ಕಾರಣ ಮುಂದಿದೆ.

ಕರೆಂಟಿನ ಲೆಕ್ಕ

ಗಾಡಿಯಲ್ಲಿ 12 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಇದ್ದರೆ ಅದರಲ್ಲಿ ಸುಮಾರು 1,200 ವ್ಯಾಟ್-ಅವರ್, ಅಂದರೆ 1,200 ವ್ಯಾಟ್ ಒಂದು ಗಂಟೆ ಓಡುವಷ್ಟು ಕರೆಂಟ್ ಇರುತ್ತದೆ. ಪುಟ್ಟ ಇಂಕ್‌ಜೆಟ್ ಪ್ರಿಂಟ್ ಮಾಡುವಾಗ ಎಳೆಯುವುದು 10ರಿಂದ 20 ವ್ಯಾಟ್. ಹತ್ತು ನಿಮಿಷ ಓಡಿಸಿದರೆ ಎರಡೂವರೆ ವ್ಯಾಟ್-ಅವರ್ ಅನ್ನಿ. 500 ವ್ಯಾಟಿನ ಮಿಕ್ಸಿಯಲ್ಲಿ ಒಂದು ನಿಮಿಷ ಚಟ್ನಿ ರುಬ್ಬಿದರೆ ಎಂಟು ವ್ಯಾಟ್-ಅವರ್ ಹೋಗುತ್ತದೆ. ಅಂದರೆ ಪ್ರಿಂಟರ್ ನಿಮ್ಮ ಚಟ್ನಿಗಿಂತ ಅಗ್ಗ.

ಕರೆಂಟ್ ತಿನ್ನುವುದು ಪ್ರಿಂಟರ್ ಅಲ್ಲ, ಅದಕ್ಕೋಸ್ಕರ ಆನ್ ಮಾಡಿಟ್ಟ ಇನ್ವರ್ಟರ್. ಏನೂ ಕೆಲಸವಿಲ್ಲದೆಯೂ ಅದು 10-20 ವ್ಯಾಟ್ ಎಳೆಯುತ್ತಿರುತ್ತದೆ. ರಾತ್ರಿ ಎಂಟು ಗಂಟೆ ಮರೆತು ಮಲಗಿದರೆ 80ರಿಂದ 160 ವ್ಯಾಟ್-ಅವರ್ ಸುಮ್ನೆ ಹೋಯಿತು. ಅದಕ್ಕೇ ಯುಎಸ್‌ಬಿಯಲ್ಲೋ 12 ವೋಲ್ಟಿನಲ್ಲೋ ಚಾರ್ಜ್ ಆಗುವ ಪ್ರಿಂಟರ್ ಇದ್ದರೆ ಅದಕ್ಕೆ ಮೊದಲ ಮಣೆ. ಗಾಡಿ ಓಡುವಾಗ ಚಾರ್ಜ್ ಹಾಕಿ, ನಿಂತಾಗ ಬ್ಯಾಟರಿಯಲ್ಲೇ ಪ್ರಿಂಟ್ ತೆಗೆಯಬಹುದು.

ಲೇಸರಿನ ಕಥೆ ಬೇರೆ. ಟೋನರ್ ಪುಡಿಯನ್ನು ಹಾಳೆಗೆ ಕರಗಿಸಿ ಅಂಟಿಸುವ ರೋಲರ್ ಸುಮಾರು 200 ಡಿಗ್ರಿ ಕಾಯಬೇಕು. ಆ ಕ್ಷಣಕ್ಕೆ ಪುಟ್ಟ ಲೇಸರ್ ಕೂಡ 800 ವ್ಯಾಟ್ ದಾಟುತ್ತದೆ. 500 ವ್ಯಾಟಿನ ಇನ್ವರ್ಟರ್ ಕೀಂ ಅಂತ ಕೂಗಿ ಆರಿಹೋಗುತ್ತದೆ. ದೊಡ್ಡ ಇನ್ವರ್ಟರ್ ಇದ್ದರೂ ಅದು ಪ್ಯೂರ್ ಸೈನ್ ವೇವ್ (ಮನೆ ಕರೆಂಟಿನ ಹಾಗೆ ನಯವಾದ ಅಲೆ ಕೊಡುವಂಥದ್ದು) ಆಗಿರಬೇಕು. ಹೋಂಸ್ಟೇ ಅಂಗಳದಲ್ಲಿ ನಿಲ್ಲಿಸಿ ಅವರ ಪ್ಲಗ್ಗಿಗೆ ವೈರ್ ಎಳೆದುಕೊಳ್ಳುವವರಿಗಾದರೆ ಲೇಸರ್ ನಡೆಯುತ್ತದೆ. ಕಾಡುದಾರಿಯ ಪಕ್ಕ ನಿಲ್ಲುವ ನಮ್ಮಂಥವರಿಗೆ ಅಲ್ಲ.

ಜಾಗ ಅಳೆಯಿರಿ, ಘಾಟಿ ನೆನಪಿಡಿ

ಕ್ಯಾಟಲಾಗಿನಲ್ಲಿ ಕೊಡುವ ಅಳತೆ ಮುಚ್ಚಿಟ್ಟ ಪ್ರಿಂಟರಿನದ್ದು. ಟಿಆರ್150 ಅಂದರೆ 322 ಮಿಲಿಮೀಟರ್ ಉದ್ದ, 185 ಅಗಲ, 66 ಎತ್ತರ. ದಪ್ಪ ಪಂಚಾಂಗದಷ್ಟೇ. ಆದರೆ ತೆರೆದ ಮೇಲೆ ಹಾಳೆ ಹಿಂದೆ ನಿಲ್ಲಬೇಕು, ಮುಂದೆ ಚಾಚಿ ಬೀಳಬೇಕು. ಎ4 ಹಾಳೆಯೇ 297 ಮಿಲಿಮೀಟರ್ ಉದ್ದ. ಕೊಳ್ಳುವ ಮುಂಚೆ ರಟ್ಟಿನ ಡಬ್ಬವೊಂದನ್ನು ಅದೇ ಅಳತೆಗೆ ಕತ್ತರಿಸಿ, ಹಿಂದೊಂದು ಮುಂದೊಂದು ಎ4 ಹಾಳೆ ಅಂಟಿಸಿ ನಿಮ್ಮ ಮೇಜಿನ ಮೇಲಿಟ್ಟು ನೋಡಿ. ನಮ್ಮ ಮೇಜಿನ ಮೇಲೆ ಇಟ್ಟಾಗ ಹಿಂದಿನ ಹಾಳೆ ಕಿಟಕಿ ಪರದೆಗೆ ತಾಗುತ್ತಿತ್ತು. ಪರದೆ ಗಾಳಿಗೆ ಆಡಿದರೆ ಹಾಳೆ ಸೊಟ್ಟ ಹೋಗುತ್ತದೆ. ಈಗ ಪ್ರಿಂಟ್ ತೆಗೆಯುವಾಗ ಪರದೆಗೆ ಒಂದು ಬಟ್ಟೆ ಕ್ಲಿಪ್ಪು.

ಇನ್ನು ಘಾಟಿ. ಆಗುಂಬೆಯಲ್ಲಿ 14 ತಿರುವು. ಹುಲಿಕಲ್, ಚಾರ್ಮಾಡಿ ಕೂಡ ಕಡಿಮೆಯಿಲ್ಲ. ನಮ್ಮ ಮೊದಲ ಪ್ರಿಂಟರ್ ಇಂಕ್ ಟ್ಯಾಂಕ್ ಇರುವಂಥದ್ದು. ಮನೆಯಲ್ಲಿ ಅದರಂಥ ಉಪಕಾರಿ ಇನ್ನೊಂದಿಲ್ಲ. ಬಾಟಲಿ ಇಂಕು ಸುರಿದರೆ ಸಾವಿರಾರು ಪುಟ ಬರುತ್ತದೆ, ಪುಟಕ್ಕೆ ಪೈಸೆ ಲೆಕ್ಕ. ಆ ಲೆಕ್ಕಕ್ಕೇ ಮರುಳಾಗಿ ಗಾಡಿಗೆ ಹಾಕಿಕೊಂಡೆವು. ಸಾಗಿಸುವಾಗ ಮಟ್ಟವಾಗಿಡಿ, ಓರೆ ಮಾಡಬೇಡಿ ಅಂತ ಅದರ ಪುಸ್ತಕದಲ್ಲೇ ಬರೆದಿರುತ್ತದೆ. ಹುಲಿಕಲ್ ಘಾಟಿಯಲ್ಲಿ ಯಾರನ್ನು ಮಟ್ಟವಾಗಿಡುವುದು? ನಾವೇ ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಕೆಳಗೆ ಬಂದು ಪೆಟ್ಟಿಗೆ ತೆಗೆದರೆ ಕೆಳಗಿದ್ದ ಕಂಬಳಿಗೆ ನೀಲಿ, ಗುಲಾಬಿ, ಹಳದಿ ಮೂರೂ ಇಳಿದಿತ್ತು. ಒಗೆದರೂ ಹೋಗಲಿಲ್ಲ. ಆ ಕಂಬಳಿ ಈಗ ನಾಯಿಯದ್ದು. ಪ್ರಿಂಟರ್ ಮನೆಯಲ್ಲಿ ಮಗಳ ಪ್ರಾಜೆಕ್ಟ್ ವರ್ಕಿಗೆ ದುಡಿಯುತ್ತಿದೆ. ಹೆಡ್ಡು ಆಗಾಗ ಮುನಿಸಿಕೊಳ್ಳುತ್ತದೆ.

ಹಾಗಾಗಿ ಟ್ಯಾಂಕ್ ಬೇಡ, ಕಾರ್ಟ್ರಿಜ್ ಸಾಕು. ಇಡುವ ಜಾಗ ಆದಷ್ಟು ಕೆಳಗಿರಲಿ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಭಾಗದಲ್ಲಿರಲಿ. ಹಿಂದಿನ ಚಕ್ರದ ಮೇಲೆ ಇಟ್ಟರೆ ಗುಂಡಿ ಸಿಕ್ಕಾಗಲೆಲ್ಲ ಏಟು ತಿನ್ನುತ್ತದೆ. ಮೇಲಿನ ಕಪಾಟಂತೂ ಬೇಡವೇ ಬೇಡ. ನಾವು ಹಳೆಯ ಯೋಗ ಮ್ಯಾಟ್ ಕತ್ತರಿಸಿ ಡ್ರಾಯರಿಗೆ ಹಾಸಿದ್ದೇವೆ, ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಪ್ರಿಂಟರನ್ನು ಬಿಗಿದಿದ್ದೇವೆ. ಹೊರಡುವ ಮುಂಚೆ ಟ್ರೇಯಲ್ಲಿರುವ ಹಾಳೆ ತೆಗೆಯಿರಿ. ಕುಲುಕಾಟಕ್ಕೆ ಹಾಳೆ ಒಳಗೆ ಜಾರಿ ಸಿಕ್ಕಿಕೊಂಡರೆ ಬಿಡಿಸುವುದು ದೊಡ್ಡ ರಗಳೆ.

ಮಳೆಗಾಲದಲ್ಲಿ ಕೆಡುವುದು ಹಾಳೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಉಪ್ಪು ಕರಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಹಾಳೆ ಏನು ಮಹಾ? ಥಂಡಿ ಹೀರಿದ ಹಾಳೆಯ ಅಂಚು ಅಲೆಅಲೆಯಾಗುತ್ತದೆ, ಎರಡೆರಡು ಒಟ್ಟಿಗೆ ಎಳೆದುಕೊಳ್ಳುತ್ತದೆ, ಇಂಕು ಹರಡಿ ಅಕ್ಷರ ದಪ್ಪಗಾಗುತ್ತದೆ. ಜನ ಪ್ರಿಂಟರ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಕೆಟ್ಟಿರುವುದು ಹಾಳೆ.

ಪೂರ್ತಿ ರೀಮ್ ಗಾಡಿಗೆ ಹಾಕಬೇಡಿ. 75 ಜಿಎಸ್ಎಂನ 500 ಹಾಳೆ ಅಂದರೆ 2.3 ಕೆಜಿ, ಪ್ರಿಂಟರಿಗಿಂತ ಭಾರ. ಒಮ್ಮೆ ಬಿಚ್ಚಿದರೆ ಎಲ್ಲವೂ ಥಂಡಿ. ಮನೆಯಲ್ಲೇ ಇಪ್ಪತ್ತೈದು ಇಪ್ಪತ್ತೈದು ಹಾಳೆಯ ಕಟ್ಟು ಮಾಡಿ ಜಿಪ್ ಕವರಿಗೆ ಹಾಕಿ. ಒಂದು ಮುಗಿದ ಮೇಲೆ ಇನ್ನೊಂದು ಬಿಚ್ಚಿ. ಆ ಕವರುಗಳನ್ನು ನಾನು ಇಡುವುದು ಹಪ್ಪಳದ ಡಬ್ಬಿಯಲ್ಲಿ. ಅಜ್ಜಿಯ ಕಾಲದ ದೊಡ್ಡ ಸ್ಟೀಲ್ ಡಬ್ಬಿ, ಮುಚ್ಚಳ ತೆಗೆಯಲು ಚಮಚ ಹಾಕಿ ಎಬ್ಬಬೇಕು, ಅಷ್ಟು ಬಿಗಿ. ಆಷಾಢದಲ್ಲಿ ಹಪ್ಪಳ ಗರಿಗರಿ ಉಳಿಯುವ ಡಬ್ಬಿಯಲ್ಲಿ ಹಾಳೆಯೂ ಗರಿಗರಿ ಉಳಿಯುತ್ತದೆ. ತಳದಲ್ಲಿ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಇರಲಿ. ಬಣ್ಣ ಬದಲಾಗುವಂಥ ಹರಳು ಬಿಡಿಯಾಗಿ ಸಿಕ್ಕರೆ ಒಳ್ಳೆಯದು. ಥಂಡಿ ತುಂಬಿದ್ದು ಕಣ್ಣಿಗೆ ಕಾಣುತ್ತದೆ, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಅದಕ್ಕೊಂದು ಹಳೆಯ ಬಾಣಲೆ ಬೇರೆ ಇಡಿ, ಅಡುಗೆಯದ್ದು ಬೇಡ.

ಪ್ರಿಂಟರನ್ನು ಒಲೆಯ ಪಕ್ಕ ಇಡಬೇಡಿ. ಗಾಡಿಯೊಳಗೆ ಕಡುಬು ಬೇಯಿಸಿದ ದಿನ ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತದಲ್ಲ, ಅದೇ ನೀರು ತಣ್ಣಗಿರುವ ಪ್ರಿಂಟರಿನೊಳಗೂ ಕೂರುತ್ತದೆ. ಅಂಥ ದಿನ ಕಿಟಕಿ ತೆಗೆದು ಗಂಟೆ ಹೊತ್ತು ಬಿಟ್ಟು ಆಮೇಲೆ ಆನ್ ಮಾಡಿ. ಇರುವೆಯ ಬಗ್ಗೆಯೂ ಎಚ್ಚರ ಇರಲಿ. ಬೆಚ್ಚಗಿನ ಕತ್ತಲೆ ಜಾಗ ಅವಕ್ಕೆ ಪ್ರೀತಿ. ಒಮ್ಮೆ ನಮ್ಮ ಬಿಲ್ ಪ್ರಿಂಟರಿನಿಂದ ರಸೀದಿಗಿಂತ ಮೊದಲು ಮೊಟ್ಟೆ ಹೊತ್ತ ಇರುವೆ ಸಾಲು ಹೊರಗೆ ಬಂತು.

ಅಂಗಡಿಯಲ್ಲೇ ಮಾಡಿ ನೋಡುವ ಎರಡು ಪರೀಕ್ಷೆ

ಮೊದಲನೆಯದು ನೆಟ್‌ವರ್ಕ್ ಇಲ್ಲದ ಪರೀಕ್ಷೆ. ಈಗಿನ ಪ್ರಿಂಟರುಗಳು ಆ್ಯಪ್ ಹಾಕು, ಲಾಗಿನ್ ಆಗು ಅನ್ನುತ್ತವೆ. ಕೆಲವಕ್ಕೆ ಇಂಟರ್‌ನೆಟ್ ಯಾವಾಗಲೂ ಬೇಕೇ ಬೇಕು ಅನ್ನುವ ಷರತ್ತೂ ಇದೆ. ಕವಲೇದುರ್ಗದ ಬುಡದಲ್ಲಿ ಗಾಡಿ ನಿಲ್ಲಿಸಿದಾಗ ನಮ್ಮ ಮೊಬೈಲಿನಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಅಂಥ ಕಡೆ ಈ ಪ್ರಿಂಟರ್ ಬರೀ ಪೇಪರ್‌ವೇಟ್. ಅಂಗಡಿಯಲ್ಲೇ ನಿಮ್ಮ ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಒಂದನ್ನೇ ಆನ್ ಮಾಡಿ, ವೈಫೈ ಡೈರೆಕ್ಟ್‌ನಲ್ಲಿ (ರೂಟರ್ ಇಲ್ಲದೆ ಮೊಬೈಲ್ ನೇರವಾಗಿ ಸೇರುವ ದಾರಿ) ಪ್ರಿಂಟರಿಗೆ ಸೇರಿಸಿ ಒಂದು ಪಿಡಿಎಫ್ ಕಳಿಸಿ. ಪ್ರಿಂಟ್ ಬಂದರೆ ಮುಂದಿನ ಮಾತು. ಅಂಗಡಿಯವರು "ನಿಮ್ಮನೇಲಿ ವೈಫೈ ಇದೆಯಲ್ಲ ಮೇಡಂ" ಅನ್ನುತ್ತಾರೆ. ಪರವಾಗಿಲ್ಲ, ಹಟ ಮಾಡಿ. ಯುಎಸ್‌ಬಿ ವೈರೂ ಒಂದು ಕೇಳಿ ಇಸಿದುಕೊಳ್ಳಿ. ಏನೂ ನಡೆಯದ ದಿನ ಅದೇ ಗತಿ. ಡ್ರೈವರ್, ಆ್ಯಪ್ ಎಲ್ಲ ಶಿವಮೊಗ್ಗ ಬಿಡುವ ಮುಂಚೆಯೇ ಇಳಿಸಿಕೊಂಡಿರಿ.

ಎರಡನೆಯದು ಕನ್ನಡದ ಪರೀಕ್ಷೆ. ಇದನ್ನು ಯಾರೂ ಮಾಡುವುದಿಲ್ಲ, ಆಮೇಲೆ ಒದ್ದಾಡುತ್ತಾರೆ. ಬಿಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದೇ ಇಲ್ಲ. ಆ್ಯಪ್ ಕನ್ನಡವನ್ನು ಚಿತ್ರ ಮಾಡಿ ಕಳಿಸಿದರೆ ಮಾತ್ರ ಸರಿ ಬರುತ್ತದೆ, ಇಲ್ಲದಿದ್ದರೆ ಪ್ರಶ್ನೆ ಗುರುತಿನ ಸಾಲು. ಒಂದು ಹಾಳೆಯಲ್ಲಿ "ತೀರ್ಥಹಳ್ಳಿ", "ಶೃಂಗೇರಿ", "ಲಕ್ಷ್ಮೀ", "ಉಪ್ಪಿನಕಾಯಿ" ಅಂತ ಬರೆದು ಒಯ್ಯಿರಿ. ಅರ್ಕಾವತ್ತು ಅದರ ಜಾಗದಲ್ಲಿ ಕೂತಿದೆಯಾ, ಕ್ಷ ಕೆಳಗಿನ ಮ ಕತ್ತರಿಸಿಲ್ಲ ತಾನೆ, ಪ್ಪ ಮುದ್ದೆಯಾಗಿಲ್ಲ ತಾನೆ ಅಂತ ಕನ್ನಡಕ ಹಾಕಿಕೊಂಡು ನೋಡಿ. ಅಗ್ಗದ ಥರ್ಮಲ್ ಪ್ರಿಂಟರುಗಳು ಇಂಚಿಗೆ 203 ಚುಕ್ಕೆ ಹಾಕುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಅದು ಸಾಕು. ನಮ್ಮ ಒತ್ತಕ್ಷರಗಳು ಸಣ್ಣ ಸೈಜಿನಲ್ಲಿ ಮೆತ್ತಿಕೊಳ್ಳುತ್ತವೆ, ಹತ್ತು ಪಾಯಿಂಟಿಗಿಂತ ಚಿಕ್ಕದು ಮಾಡಬೇಡಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳಿದ್ದರೆ ಮನೆಯ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಮೊಬೈಲಿನಲ್ಲಿ ತೆರೆದರೆ ಅದು ಕನ್ನಡವಾಗಿ ಕಾಣುವುದೇ ಇಲ್ಲ.

ಈಗ ನಮ್ಮ ಗಾಡಿಯಲ್ಲಿರುವುದು ಎರಡು. ಕಪ್ಪು ಪಿಗ್ಮೆಂಟ್ ಇಂಕಿನ ಎರಡು ಕೆಜಿ ಇಂಕ್‌ಜೆಟ್ ಒಂದು, ಅಂಗೈಯಗಲದ ಬಿಲ್ ಪ್ರಿಂಟರ್ ಒಂದು. ಒಂದು ಕಪ್ಪು ಕಾರ್ಟ್ರಿಜ್ ಸೀಲ್ ಒಡೆಯದೆ ಹಪ್ಪಳದ ಡಬ್ಬಿಯಲ್ಲಿ ಹಾಳೆಗಳ ಜೊತೆ ಇರುತ್ತದೆ. ಈ ಪುಟ್ಟ ಪ್ರಿಂಟರುಗಳ ಕಾರ್ಟ್ರಿಜ್ ಕೇಳಿದರೆ ಸಣ್ಣ ಊರುಗಳಲ್ಲಿ "ಆರ್ಡರ್ ಹಾಕಬೇಕು, ನಾಲ್ಕು ದಿನ ಆಗುತ್ತೆ" ಅನ್ನುತ್ತಾರೆ. ನಾಲ್ಕು ದಿನಕ್ಕೆ ನಾವು ಇನ್ನೆಲ್ಲೋ ಇರುತ್ತೇವೆ.

ಪ್ರಿಂಟರ್ ಬಂದ ಡಬ್ಬ, ಅದರೊಳಗಿನ ಥರ್ಮಾಕೋಲ್ ಎರಡನ್ನೂ ಬಿಸಾಡಬೇಡಿ. ಸರ್ವೀಸಿಗೆ ಬಸ್ ಪಾರ್ಸೆಲ್ಲಿನಲ್ಲಿ ಕಳಿಸಬೇಕಾದರೆ ಅದರಷ್ಟು ಸರಿಯಾಗಿ ಕೂರುವ ಪ್ಯಾಕಿಂಗ್ ಬೇರೆ ಸಿಗುವುದಿಲ್ಲ. ಬಿಲ್ಲಿನ ಫೋಟೊ ತೆಗೆದು ಮೊಬೈಲಿನಲ್ಲಿಡಿ. ಆ ಬಿಲ್ಲೂ ಥರ್ಮಲ್ ಕಾಗದದ್ದೇ, ವಾರಂಟಿ ಮುಗಿಯುವ ಮುಂಚೆಯೇ ಅಳಿಸಿಹೋಗಬಹುದು.